ಪ್ಯಾರಾಚೂಟಿನ ಗಂಟು

ಮೂರು ತಿಂಗಳು ಅಡುಗೆಮನೆಯಲ್ಲಿ ಅಂಟಿಸಿ, ಉಜ್ಜಿ, ಬಣ್ಣ ಬಳಿದು ಕಟ್ಟಿದ ರಾಕೆಟ್ ಅದು. ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಹಾರಿಸುವ ಮೊದಲು ಹವ್ಯಾಸಿ ರಾಕೆಟ್ ಕ್ಲಬ್ಬಿನವರು ಪರೀಕ್ಷಿಸಬೇಕೆಂಬುದು ನಿಯಮ. ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನ ಒಂದು ಹಾಲ್‌ನಲ್ಲಿ ಕ್ಲಬ್ಬಿನ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅದನ್ನು ಮೇಜಿನ ಮೇಲೆ ಮಲಗಿಸಿ, ಒಂದೊಂದೇ ರೆಕ್ಕೆ ಹಿಡಿದು ಅಲ್ಲಾಡಿಸಿದರು. ಯಾವುದೂ ಅಲುಗಲಿಲ್ಲ. ಸದ್ಯ, ಅಂದುಕೊಂಡೆ. ಆಮೇಲೆ ಅವರು ಪ್ಯಾರಾಚೂಟಿನ ಹಗ್ಗ ಹೊರತೆಗೆದು, "ರಾಕೆಟ್ ಬಿಗಿಯಾಗಿ ಹಿಡ್ಕೊಳ್ಳಿ" ಎಂದು ಜೋರಾಗಿ ಎಳೆದರು.

ನಾನು ಹಾಕಿದ್ದ ಗಂಟು ಬಿಚ್ಚಿ ಹಗ್ಗ ಅವರ ಕೈಗೇ ಬಂತು.

"ಪ್ಯಾರಾಚೂಟ್ ಒಂದು ಕಡೆ ಹಾರಿಹೋಗ್ತಿತ್ತು. ರಾಕೆಟ್ ಯಾರ ತಲೆ ಮೇಲೆ ಬೀಳ್ತಿತ್ತೋ" ಎಂದರು ಮೆಲ್ಲಗೆ. ಹಾರಿಸುವ ದಿನ ನೋಡಲು ನನ್ನ ಹೆಂಡತಿ, ಮಗಳು ಬರುವವರಿದ್ದರು.

ಅವರು ಅಲ್ಲೇ ಕೂರಿಸಿ ಬೇರೆ ಗಂಟು ಕಲಿಸಿದರು. ಆರು ಸಲ ಕಟ್ಟಿಸಿ, ಆರು ಸಲವೂ ಎಳೆದು ನೋಡಿದರು.

ಮರುವಾರ ಲಂಡನ್ನಿನ ಹೊರಗಿನ ಬಯಲಲ್ಲಿ ರಾಕೆಟ್ ಗರ್ಜಿಸುತ್ತ ಮೇಲೇರಿ ಚುಕ್ಕೆಯಾಯಿತು. ಕಿತ್ತಳೆ ಪ್ಯಾರಾಚೂಟ್ ಅರಳಿ ಅದು ನಿಧಾನಕ್ಕೆ ಇಳಿಯತೊಡಗುವವರೆಗೂ ನಾನು ಉಸಿರಾಡಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಅವರು ಕೇಳಿದರು: "ನೀವು ಏನು ಕೆಲಸ ಮಾಡೋದು?"

"ಆಸ್ಪತ್ರೆಯಲ್ಲಿದೀನಿ" ಎಂದೆ. ಅಲ್ಲಿ ದಿನಾ ಹೊಲಿಗೆ ಹಾಕಿ ಗಂಟು ಕಟ್ಟುವ ಸರ್ಜನ್ ನಾನೇ ಅಂತ ಹೇಳಲು ಧೈರ್ಯ ಬರಲಿಲ್ಲ.