ಬಿಳಿ ಹತ್ತದ ಹೆಬ್ಬೆರಳು

ವೇಲ್ಸಿನ ಈ ಸ್ಲೇಟ್ ಗಣಿಯ ಊರಲ್ಲಿ ಅರ್ಧ ಜನ ಜೋನ್ಸ್, ಇನ್ನರ್ಧ ಪಾರಿ. ಅಡ್ಡಹೆಸರಿಲ್ಲದೆ ಯಾರನ್ನು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಗ್ಯಾರೇಜಿನ ಇದ್ವಲ್ ಪಾರಿ ಎಲ್ಲರ ಬಾಯಲ್ಲಿ 'ಎರಡುಸಲದ ಇದ್ವಲ್' ಆದ. ಬಿಗಿದ ಬೋಲ್ಟನ್ನು ಮತ್ತೆ ಬಿಗಿದು ನೋಡುವುದು, ಹಾಕಿದ ಬೀಗವನ್ನು ಮತ್ತೆ ಎಳೆದು ನೋಡುವುದು, ಪ್ರಾರ್ಥನಾಮಂದಿರದಲ್ಲಿ ಹಾಡಿನ ನಡುವೆ ಎದ್ದುಹೋಗಿ ವ್ಯಾನಿನ ಹ್ಯಾಂಡ್‌ಬ್ರೇಕ್ ನೋಡಿಕೊಂಡು ಬರುವುದು. ಹುಟ್ಟಾ ಪುಕ್ಕಲ. ಗಣಿಯ ಸೈರನ್ ಕೂಗಿದಾಗಲೆಲ್ಲ ಎದೆ ಹಿಡಿದುಕೊಂಡು ಬಾಗಿಲಿಗೆ ಓಡಿ ಬರುತ್ತಿದ್ದ ತಾಯಿಯ ಹಾಲು ಕುಡಿದವನು ಇನ್ನು ಹೇಗಿದ್ದಾನು? ನಗುವವರು ನಗಲಿ ಬಿಡಿ. ನಕ್ಕವರೆಲ್ಲ ಕಾರು ತರುತ್ತಿದ್ದುದು ಅವನ ಹತ್ತಿರವೇ.

ಎರಡು ಸಲ ನೋಡಿದ ಮೇಲೆ ಪ್ರತಿ ಬೋಲ್ಟಿಗೂ ಒಂದು ಬಿಳಿ ಬಣ್ಣದ ಬೊಟ್ಟು ಇಡುತ್ತಿದ್ದ. ಕುಂಚ ಗಿಂಚ ಏನಿಲ್ಲ, ಹೆಬ್ಬೆರಳಲ್ಲೇ. ಹಚ್ಚಿದ ದಿನ ಆ ಬಿಳಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮನೆಯ ಟೀ ಕಪ್ಪುಗಳ ಹಿಡಿಗೆಲ್ಲ ಅಂಟುತ್ತಿತ್ತು. ಹೆಂಡತಿ ಎಲುನೆಡ್ ಮದುವೆಯಾದಾಗಿನಿಂದ ಕಪ್ಪು ಉಜ್ಜುತ್ತ, ಜೊತೆಗೆ ಗಂಡನಿಗೂ ಮಂಗಳಾರತಿ ಎತ್ತುತ್ತ ಬಂದಿದ್ದಳು.

ಮಗಳು ಮಾರೆಡ್ ಮನೆಮನೆಗೆ ಹೋಗುವ ನರ್ಸು. ಕುರಿ ಸಾಕುವವರ ಒಂಟಿ ಮನೆಗಳಿಗೆ ದಿನವೂ ಘಾಟಿ ಹತ್ತಿ ಇಳಿಯಬೇಕು. ಅವಳು ಹೊರಟಾಗಲೆಲ್ಲ ಇದ್ವಲ್ ಬಾಗಿಲಲ್ಲಿ ನಿಂತು ಟೈರು, ಬ್ರೇಕು, ಮಂಜು ಎಂದು ಜಪ ಮಾಡುತ್ತಿದ್ದ. ಅವಳಿಗೆ ರೇಗುತ್ತಿತ್ತು. "ನಿನ್ನ ಭಯ ನಿನ್ನ ಹತ್ರಾನೇ ಇಟ್ಕೊ ಅಪ್ಪ. ನನಗೆ ಬಳುವಳಿ ಬೇಡ."

ಅವಳ ಹಸಿರು ಕಾರಿನ ಮುಂಚಕ್ರ ಹಿಡಿದಿಡುವ ತೋಳುಗಳ ಕೀಲಿನಲ್ಲಿ ಬಳೆಯ ಹಾಗೆ ಕೂರುವ ರಬ್ಬರ್ ಬುಷ್ಷುಗಳು ಬಿರುಕು ಬಿಟ್ಟಿದ್ದವು. ತಿರುವು ಬಂದಾಗಲೆಲ್ಲ ಕಾರು ಓಲಾಡುತ್ತಿತ್ತು. ಮಾರೆಡ್ ತಾನೇ ಹಳದಿ ಬಣ್ಣದ ಪಾಲಿಯುರಿಥೇನ್ ಬುಷ್ಷು ತರಿಸಿದಳು. ರಬ್ಬರಿಗಿಂತ ಗಟ್ಟಿ, ಬಾಳಿಕೆಯೂ ಹೆಚ್ಚು. ಇದ್ವಲ್ ಭಾನುವಾರ ಸ್ಪ್ಯಾನರ್ ಮುಟ್ಟಿದವನಲ್ಲ. ಮಗಳಿಗೆ ಬಿಡುವಿದ್ದದ್ದು ಅಂದೇ ಎಂದು ಈ ಸಲ ಮುಟ್ಟಿದ.

ಹಳೆ ರಬ್ಬರ್ ಒತ್ತಿ ತೆಗೆದು, ಹಳದಿ ಬುಷ್ಷಿಗೆ ಗ್ರೀಸು ಬಳಿದು ಕೂರಿಸಿ, ಒಳಗೆ ಉಕ್ಕಿನ ಕೊಳವೆ ತೂರಿಸಿ, ಬೋಲ್ಟು ಹಾಕಿದ. ನಟ್ಟನ್ನು ಬೆರಳಲ್ಲಿ ತಿರುಗಿಸಿ ಅಷ್ಟಕ್ಕೇ ಬಿಟ್ಟ. ನೆರೆಮನೆಯ ಗ್ವಿಲಿಮ್, ಬಸ್ ಓಡಿಸಿ ನಿವೃತ್ತನಾದವನು, ಬೆಂಚಿನ ಮೇಲೆ ಕೂತು ನೋಡುತ್ತಿದ್ದ.

"ಲೋ, ಪೂರ್ತಿ ಬಿಗಿಯೋ. ಇದು ರಬ್ಬರಲ್ಲ ಮಾರಾಯ. ಒಳಗಿನ ಕೊಳವೆ ತಾನೇ ತಿರುಗುತ್ತೆ, ಜಾಕ್ ಮೇಲಿದ್ದಾಗಲೇ ಬಿಗೀಬಹುದು."

"ಚಕ್ರ ನೆಲ ಮುಟ್ಟಿದ ಮೇಲೇ ನಾನು ಬಿಗಿಯೋದು. ಜೀವಮಾನ ಎಲ್ಲ ಹಾಗೇ ಮಾಡಿರೋದು."

"ಅದು ರಬ್ಬರ್ ತಿರುಚ್ಕೊಂಡು ಹರಿಯುತ್ತೆ ಅಂತ. ಇದಕ್ಕೇನು ದಾಡಿ?"

"ಬಸ್ಸಿನವನು ನನಗೆ ಕಲಿಸ್ತಾನಂತೆ! ಬಾಯಿ ಮುಚ್ಕೊಂಡು ಕೂತ್ಕೊಳ್ಳೋ."

ಮಾತಿಗೆ ಮಾತು ಬೆಳೆಯಿತು. ಚಕ್ರ ಹಾಕಿದ, ಜಾಕ್ ಇಳಿಸಿದ, ಜಗಳ ಮುಗಿಯಲಿಲ್ಲ. ಎಲುನೆಡ್ ಟೀಗೆ ಕೂಗಿದಳು. ಗ್ವಿಲಿಮ್‌ನನ್ನು ಬೈಯುತ್ತಲೇ ಕೈ ತೊಳೆದು, ಅವನನ್ನೂ ಕರೆದುಕೊಂಡು ಒಳಗೆ ಹೋದ.

ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಜೊತೆಗೆ ಕೂತಿದ್ದ ಮಾರೆಡ್‌ಗೆ ಫೋನು ಬಂತು. ಘಾಟಿಯಾಚೆ ಒಬ್ಬ ಮುದುಕಿಗೆ ನೋವು ತಡೆಯಲಾಗುತ್ತಿಲ್ಲ, ಸೂಜಿ ಚುಚ್ಚಬೇಕು.

"ಅಪ್ಪ, ಕಾರ್ ರೆಡಿನಾ?"

"ಆಗಿದೆ, ಹೋಗಮ್ಮ." ಕೀಲಿಕೈ ತಾನೇ ಕೊಟ್ಟ.

ಅವಳು ಹೋದಳು. ಎಲುನೆಡ್ ಗಂಡನ ಕಪ್ಪು ಎತ್ತಿ ಬೆಳಕಿಗೆ ಹಿಡಿದಳು. "ಇದೇನಿದು, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ? ಹಿಡಿ ಚೊಕ್ಕವಾಗಿದೆ!"

ಇದ್ವಲ್ ನಕ್ಕ. ಆಮೇಲೆ ತನ್ನ ಹೆಬ್ಬೆರಳು ನೋಡಿಕೊಂಡ. ಬಿಳಿ ಇರಲಿಲ್ಲ.

ಕುರ್ಚಿ ಉರುಳಿ ಬಿತ್ತು. ಫೋನು ಮಾಡಿದರೆ ಘಾಟಿಯಲ್ಲಿ ಸಿಗ್ನಲ್ ಇಲ್ಲ. ವ್ಯಾನಿಗೆ ಓಡಿದ. ಗ್ವಿಲಿಮ್ ಏನು ಎತ್ತ ಕೇಳದೆ ಪಕ್ಕದಲ್ಲಿ ಹತ್ತಿ ಕೂತ.

ಬೆರಳಲ್ಲಿ ತಿರುಗಿಸಿದ ನಟ್ಟು ಎಷ್ಟು ದೂರ ಬಂದೀತು? ಅದು ಬಿದ್ದರೆ ಬೋಲ್ಟು ಜಾರುತ್ತದೆ, ಬೋಲ್ಟು ಜಾರಿದರೆ ಚಕ್ರ ಸೊಟ್ಟಗಾಗುತ್ತದೆ. ಆಮೇಲೆ ಸ್ಟೀರಿಂಗ್ ಹೇಗೆ ತಿರುಗಿಸಿದರೂ ಕಾರು ತನಗೆ ಬೇಕಾದ ಕಡೆಗೇ ಹೋಗುತ್ತದೆ. ಆ ರಸ್ತೆಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಬರೀ ಗಾಳಿ. ಇದ್ವಲ್ ನಟ್ಟಿಗಾಗಿ ರಸ್ತೆ ನೋಡುತ್ತಿದ್ದ, ಎಲ್ಲಿ ಕಂಡುಬಿಡುತ್ತದೋ ಎಂದು ನಡುಗುತ್ತಲೂ ಇದ್ದ.

ಮೂರನೇ ತಿರುವಿನಲ್ಲಿ ಗೋಡೆ ಕುಸಿದಿತ್ತು.

ವ್ಯಾನು ನಿಲ್ಲಿಸಿ ಅಂಚಿಗೆ ಹೋದ. ಕೆಳಗೆ ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ. ಕಾರೂ ಹಸಿರೇ. "ಮಾರೆಡ್!" ಎಂದು ಕೂಗಿದರೆ ಒಂದು ಕುರಿ ತಲೆಯೆತ್ತಿ ನೋಡಿತು.

"ಬಾರೋ ಇದ್ವಲ್," ಗ್ವಿಲಿಮ್ ಅವನ ರಟ್ಟೆ ಹಿಡಿದ. "ಕಲ್ಲಿನ ಮೇಲೆ ಪಾಚಿ ಬೆಳೆದಿದೆ ನೋಡು. ಬಿದ್ದು ವರ್ಷ ಆಗಿರ್ಬೇಕು."

ಘಾಟಿಯ ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಕಡೆ, ಹಸಿರು ಕಾರು ನಿಂತಿತ್ತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಕಾರಿನಡಿಯಿಂದ ಎರಡು ಕಾಲು ಚಾಚಿಕೊಂಡಿದ್ದವು. ಇದ್ವಲ್ ವ್ಯಾನಿನಿಂದ ಇಳಿದು ಓಡಿದ. ಅಷ್ಟರಲ್ಲಿ ಆ ಕಾಲುಗಳು ಮಡಚಿಕೊಂಡು, ಕೆಸರಾದ ಸಮವಸ್ತ್ರದಲ್ಲಿ ಮಾರೆಡ್ ತೆವಳಿ ಹೊರಗೆ ಬಂದಳು. ಅವಳ ತುಟಿ ಬಿಳಿಚಿತ್ತು.

"ಟಕ್ ಅಂತು ಅಪ್ಪ. ಒಂದೇ ಸಲ. ಬೇರೆಯವರಾಗಿದ್ರೆ ಹೋಗ್ತಾ ಇದ್ರು. ನಂಗೆ ಆಗ್ಲಿಲ್ಲ, ಇಳಿದು ನೋಡಿದೆ. ನಟ್ಟೇ ಇಲ್ಲ, ಬೋಲ್ಟು ಅರ್ಧ ಹೊರಗೆ ಬಂದಿದೆ." ಅವಳ ದನಿ ಒಡೆಯಿತು. "ನಿನ್ನ ದರಿದ್ರ ಭಯ ನಂಗೂ ಅಂಟಿದೆ ನೋಡು."

ವ್ಯಾನಿನಲ್ಲಿ ನಟ್ಟಿತ್ತು, ಜಾಕಿತ್ತು. ಇದ್ವಲ್ ಮಲಗಿ, ಬೋಲ್ಟು ಒಳಗೆ ತಳ್ಳಿ, ಜಾಕ್ ಮೇಲಿದ್ದಾಗಲೇ ಬಿಗಿದ. ಗ್ವಿಲಿಮ್ ಸ್ಪ್ಯಾನರ್ ಎತ್ತಿಕೊಟ್ಟ. ಇನ್ನೊಂದು ಕಡೆಯದೂ ಸಡಿಲವೇ ಇತ್ತು. ಅದನ್ನೂ ಬಿಗಿದು ಮುಗಿಸಿ, ಸ್ಪ್ಯಾನರನ್ನು ಮಗಳ ಕಡೆ ಚಾಚಿದ.

"ನಂಗೆ ಬಿಗಿದ ನೆನಪಿತ್ತು ಮಾರೆಡ್. ದೇವರಾಣೆ ನೆನಪಿತ್ತು. ಎರಡು ಸಲ ಬಿಗಿದ ಹಾಗೇ ಇತ್ತು."

ಅವಳು ಅಪ್ಪನ ಮುಖವನ್ನೇ ನೋಡಿದಳು.

"ಎರಡನೇ ಸಲ ನೀನು ನೋಡು," ಎಂದ ಇದ್ವಲ್. "ಇನ್ಮೇಲೆ ಎರಡನೇ ಸಲ ಯಾವಾಗ್ಲೂ ನೀನೇ."

ಮಾರೆಡ್ ಮತ್ತೆ ಕೆಸರಿನಲ್ಲಿ ಮಲಗಿದಳು. ಒಂದೊಂದನ್ನೂ ಬಿಗಿದು ನೋಡಿ, ವ್ಯಾನಿನಲ್ಲಿದ್ದ ಡಬ್ಬಿಗೆ ಹೆಬ್ಬೆರಳು ಅದ್ದಿ, ಬೋಲ್ಟುಗಳಿಗೆ ಬೊಟ್ಟು ಇಟ್ಟಳು. ವ್ಯಾನು ತಗೊಂಡು ಹೋಗು ಎಂದರೆ ಕೇಳಲಿಲ್ಲ. "ನಾನೇ ನೋಡಿದೀನಲ್ಲ," ಎಂದು ಮುದುಕಿಯ ಮನೆಗೆ ಕಾರು ಬಿಟ್ಟಳು. ಅದರ ಸದ್ದು ಅಡಗುವವರೆಗೂ ಇದ್ವಲ್ ರಸ್ತೆಯಲ್ಲೇ ನಿಂತಿದ್ದ.

ಸಂಜೆ ಎಲ್ಲರೂ ಮತ್ತೆ ಟೀ ಕುಡಿದರು. ಎಲುನೆಡ್ ಮಗಳ ಕಪ್ಪಿನ ಹಿಡಿಯಿಂದ ಬಿಳಿ ಉಜ್ಜಿದಳು. ಬೈಯಲಿಲ್ಲ.