‘ಉಹೂಂ’ ಅನ್ನುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಸೇನೆಯ ಬಂದೂಕು ರಿಪೇರಿ ಕೊಠಡಿಯಲ್ಲಿ ಆಗತಾನೆ ದೀಪಗಳು ಹತ್ತಿಕೊಂಡಿವೆ. ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಹಸಿರು ಕಂಬಳಿ, ಅದರ ಮೇಲೆ ಒಂದೇ ಒಂದು ಬಂದೂಕು. ಮುಂದೆ ಸ್ಟೂಲಿನಲ್ಲಿ ಕೂತಿರುವ ಹೆಂಗಸಿಗೆ ಐವತ್ತೆಂಟು ತುಂಬಲು ಇನ್ನು ನಾಲ್ಕೇ ತಿಂಗಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರು ಗುಂಡಿನಾಕಾರದ ಒಂದು ಉಕ್ಕಿನ ತುಂಡನ್ನು ನಳಿಗೆಯೊಳಗೆ ಜಾರಿಸುತ್ತಾರೆ. ಆಮೇಲೆ ಬೋಲ್ಟನ್ನು ಎರಡೇ ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ. ಬೋಲ್ಟ್ ಎಂದರೆ ಗುಂಡಿನ ಬೆನ್ನಿಗೆ ಕೂತು ಬಾಗಿಲು ಹಾಕುವ ಭಾಗ. ಅದು ಇನ್ನೇನು ಮುಚ್ಚಬೇಕು ಎನ್ನುವಷ್ಟರಲ್ಲಿ ತಡೆದು ನಿಲ್ಲುತ್ತದೆ. ಅವರ ಮುಖ ಸಡಿಲವಾಗುತ್ತದೆ.

“ನಿಂತ್ಕೊಳ್ತಲ್ಲ, ಇದು ಆರೋಗ್ಯವಾಗಿದೆ ಅಂತ ಅರ್ಥ” ಎನ್ನುತ್ತಾರೆ. “ಎರಡೇ ಬೆರಳು ಹಾಕ್ಬೇಕು. ಮೂರನೇ ಬೆರಳು ಸೇರಿಸಿದ್ರೆ ಅದು ಸುಳ್ಳು ಹೇಳೋಕೆ ಶುರು ಮಾಡುತ್ತೆ.”

ಆ ಉಕ್ಕಿನ ತುಂಡಿಗೆ ಗೇಜ್ ಎಂದು ಹೆಸರು. ಇರುವುದು ಎರಡು. ಮೊದಲನೆಯದರ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು. ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದವಿರುವ ಎರಡನೆಯದರ ಮೇಲೆ ಮುಚ್ಚಲೇಬಾರದು. ಎರಡನೆಯದರ ಮೇಲೂ ಮುಚ್ಚಿತೋ, ಗುಂಡಿನ ಬೆನ್ನಿಗೂ ಬಾಗಿಲಿಗೂ ನಡುವೆ ಸಂದು ಬಿದ್ದಿದೆ ಎಂದರ್ಥ. ಅಂಥ ಬಂದೂಕು ಹಾರಿಸಿದರೆ ಗುಂಡಿನ ಹಿತ್ತಾಳೆ ಚಿಪ್ಪು ಒಳಗೇ ಒಡೆದು, ಬಿಸಿ ಗಾಳಿ ಹಾರಿಸಿದವನ ಮುಖಕ್ಕೇ ನುಗ್ಗಬಹುದು. ಪುಸ್ತಕದಲ್ಲಿ ಈ ಗೇಜುಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಇವರ ಬಾಯಲ್ಲಿ ಮೊದಲನೆಯದು ‘ಹೂಂ’, ಎರಡನೆಯದು ‘ಉಹೂಂ’. ಮೂವತ್ತೊಂದು ವರ್ಷದಿಂದ ಅನುಮಾನ ಬಂದ ಬಂದೂಕನ್ನು ಯಾರು ಎಷ್ಟು ಗೋಗರೆದರೂ ಬಿಟ್ಟುಕೊಡದೆ ಉಹೂಂ ಎನ್ನುತ್ತಲೇ ಬಂದಿರುವುದರಿಂದ, ಇಡೀ ಕಾರ್ಯಾಗಾರಕ್ಕೆ ಇವರು ಉಹೂಂ ಅಕ್ಕ. ಕಾವಲುಗಾರನನ್ನು ಕೇಳಿದರೆ ಅಸಲಿ ಹೆಸರು ನೆನಪಿಗೆ ಬರುವುದಿಲ್ಲ. ಕೈ ಮಾತ್ರ ಸರಿಯಾದ ಕೊಠಡಿಯ ಕಡೆಗೇ ತೋರಿಸುತ್ತದೆ.

ಇವತ್ತು ಅಕ್ಕನ ಮಾಮೂಲಿ ದಿನವಲ್ಲ. ಹೊಸದಾಗಿ ಸೇನೆಗೆ ಸೇರಿದ ಹುಡುಗರು ಗುರಿ ಅಭ್ಯಾಸಕ್ಕೆ ಹೊರಡುವವರಿದ್ದಾರೆ. ಎಂಟೂವರೆಗೆ ಲಾರಿ ಬರುತ್ತದೆ, ಅಷ್ಟರೊಳಗೆ ನಲವತ್ತು ಬಂದೂಕು ತಯಾರಿರಬೇಕು. ಅಕ್ಕನ ಪದ್ಧತಿ ಒಂದೇ ಮಾತಿನದು: ಒಂದು ಮೇಜು, ಒಂದು ಬಂದೂಕು. ಬಿಚ್ಚಿದವರೇ ತೊಳೆದು, ತಾವೇ ಜೋಡಿಸಿ, ಗೇಜ್ ಹಾಕಿ ಮುಗಿಸುವ ತನಕ ಆ ಮೇಜಿಗೆ ಇನ್ನೊಂದು ಬರುವ ಹಾಗಿಲ್ಲ. ಕಾರ್ಯಾಗಾರದ ಹೊಸ ಅಧಿಕಾರಿಗೆ ಇದು ಆಮೆ ನಡಿಗೆ ಅನ್ನಿಸಿದೆ. ಮೇಜುಗಳನ್ನು ಸಾಲಾಗಿ ಸೇರಿಸಿ, ಹತ್ತು ಬಂದೂಕು ಒಟ್ಟಿಗೆ ಬಿಚ್ಚಿ, ಒಬ್ಬರು ತೊಳೆದು, ಒಬ್ಬರು ಒರೆಸಿ, ಒಬ್ಬರು ಜೋಡಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಹಟಮಾರಿ ಮನುಷ್ಯರಲ್ಲ, ಎರಡನ್ನೂ ಮಾಡಿ ನೋಡೋಣ ಎಂದು ನಿನ್ನೆ ಹೇಳಿದ್ದಾರೆ. ಅಕ್ಕನ ಕಡೆ ಮೂವರು, ಇಪ್ಪತ್ತು ಬಂದೂಕು. ಸಾಲುಮೇಜಿನ ಕಡೆಯೂ ಮೂವರು, ಇಪ್ಪತ್ತು ಬಂದೂಕು. ಯಾವುದು ವಾಸಿಯೋ ಅದೇ ಇನ್ನು ಮುಂದೆ ನಿಯಮ. ಅಂದರೆ ನಾಲ್ಕು ತಿಂಗಳಿಗೆ ಅಕ್ಕ ನಿವೃತ್ತಿಯಾಗಿ ಮನೆಗೆ ಹೋದ ಮೇಲೆ ಅವರ ಪದ್ಧತಿ ಇಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತಿನ ಎಂಟೂವರೆಯೊಳಗೆ ಗೊತ್ತಾಗಬೇಕು.

ಸಾಲುಮೇಜಿನ ಮುಂದಾಳು ಅಕ್ಕನ ಕೈಕೆಳಗೇ ಪಳಗಿದವನು. ಮುಖದ ಅರ್ಧ ಮೀಸೆಯೇ ಆಗಿರುವುದರಿಂದ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಗುರುವಿಗೇ ತಿರುಮಂತ್ರ ಹಾಕೋಕೆ ಹೊರಟೆಯಾ ಎಂದು ಅಕ್ಕ ಕೆಣಕಿದರೆ, ತಿರುಮಂತ್ರ ಕಲಿಸಿದವರೂ ನೀವೇ ತಾನೆ ಎಂದು ಅವನು ಅಲ್ಲಿಂದಲೇ ನಗುತ್ತಾನೆ.

ಅಕ್ಕನ ತಂದೆ ಸ್ಟೌ, ಬೀಗ, ಸೈಕಲ್ ಪಂಪು ರಿಪೇರಿ ಮಾಡುತ್ತಿದ್ದರು. ಅಂಗಡಿ ಎಂದರೆ ಎರಡು ಗೋಡೆಯ ನಡುವಿನ ಸಂದು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ನಿಲ್ಲುತ್ತಿದ್ದವಳು ಮಗಳು. ಕೆಟ್ಟ ಬೀಗವನ್ನು ಕೈಗೆ ಕೊಟ್ಟು, ಇದಕ್ಕೆ ಎಲ್ಲಿ ನೋವು ಹೇಳು ಎನ್ನುತ್ತಿದ್ದರಂತೆ ಅಪ್ಪ. ಅವರು ತೀರಿಹೋಗಿ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ, ಇಪ್ಪತ್ತೇಳನೆಯ ವಯಸ್ಸಿಗೆ ಈಕೆ ಕಾರ್ಯಾಗಾರಕ್ಕೆ ಕಸ ಗುಡಿಸಲು ಸೇರಿದರು. ನೆಲದ ಮೇಲೆ ಬಿದ್ದ ಸ್ಪ್ರಿಂಗುಗಳನ್ನು ಕಸಕ್ಕೆ ಹಾಕದೆ, ಯಾವ ಬಂದೂಕಿನ ಯಾವ ಭಾಗದ್ದೆಂದು ಬೇರೆ ಬೇರೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದರು. ಆಗಿದ್ದ ಮುದುಕ ಮೇಸ್ತ್ರಿ ಒಂದು ವಾರ ನೋಡಿ, ಎಂಟನೆಯ ದಿನ ಕೈಯಿಂದ ಪೊರಕೆ ಕಿತ್ತುಕೊಂಡು ಸ್ಕ್ರೂಡ್ರೈವರ್ ಕೊಟ್ಟರು.

“ಬಂದೂಕು ಹೆಂಗಸರ ಕೈಗೆ ಭಾರ ಅಂದ್ರು ಕೆಲವ್ರು” ಎಂದು ನೆನೆಯುತ್ತಾರೆ. “ಎರಡು ಕೊಡ ನೀರು ಹೊತ್ಕೊಂಡು ಮಹಡಿ ಹತ್ತೋಳಿಗೆ ಇದು ಭಾರಾನಾ?”

ಆದರೆ ದೇಹ ತೆತ್ತ ಬೆಲೆ ಸಣ್ಣದಲ್ಲ. ತೊಳೆಯುವ ದ್ರಾವಣಕ್ಕೆ ಬೆರಳ ತುದಿಗಳು ಸುಗ್ಗಿ ಮುಗಿದ ಗದ್ದೆಯ ಹಾಗೆ ಬಿರುಕು ಬಿಟ್ಟಿವೆ. ಹಾರಿಸಿ ಪರೀಕ್ಷಿಸುವ ಕೋಣೆಯಲ್ಲಿ ಕಳೆದ ವರ್ಷಗಳು ಎಡಗಿವಿಯಲ್ಲಿ ಜೀರುಂಡೆಯೊಂದನ್ನು ಬಿಟ್ಟುಹೋಗಿವೆ. ಅದು ಹಗಲೂ ಕೂಗುತ್ತದೆ. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಬಂದೂಕು ಅವರ ಕೈಯಲ್ಲಿ ಬಿಚ್ಚಿಕೊಂಡು ಮತ್ತೆ ಕೂಡುತ್ತವೆ. ಮೂವತ್ತೊಂದು ವರ್ಷಕ್ಕೆ ಎಷ್ಟಾಯಿತು ಎಂದು ಕೇಳಿದರೆ, ಎಷ್ಟು ಬಾರಿ ತಲೆ ಬಾಚಿದ್ದೀನಿ ಅಂತ ಕೇಳಿದ ಹಾಗಾಯ್ತು ಎಂದು ನಗುತ್ತಾರೆ. ಅವರು ಎಂದೂ ಯುದ್ಧ ನೋಡಿಲ್ಲ. ಒಂದು ಗುಂಡನ್ನೂ ಯಾರ ಕಡೆಗೂ ಹಾರಿಸಿಲ್ಲ. ಹಾರಿಸುವವನ ಕೆನ್ನೆ ಬಂದೂಕಿಗೆ ತಾಗಿರುತ್ತದಲ್ಲ, ಆ ಕೆನ್ನೆಯ ಹೊಣೆ ತನ್ನದು ಎಂದಷ್ಟೇ ಅವರ ನಂಬಿಕೆ.

ಮನೆಯಲ್ಲಿ ಗಂಡ ದರ್ಜಿ. ಮುಂಬಾಗಿಲ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಹೆಂಡತಿಯ ಕೆಲಸದ ಮಾತೆತ್ತಿದರೆ ಹೊಲಿಗೆ ಯಂತ್ರದ ಪೆಡಲು ನಿಲ್ಲುತ್ತದೆ, ಬಾಯಿ ಶುರುವಾಗುತ್ತದೆ.

“ಮದುವೆ ಮಾತು ಬಂದಾಗ ಹುಡುಗಿ ಬಂದೂಕು ರಿಪೇರಿ ಮಾಡ್ತಾಳೆ ಅಂದ್ರು. ನಮ್ಮಮ್ಮ ಕೂಡ್ಲೇ ಒಪ್ಕೊಂಡ್ರು. ಬೇಡ ಅನ್ನೋ ಧೈರ್ಯ ಯಾರಿಗಿತ್ತು?” ಎನ್ನುವ ಅವರು, ಹನ್ನೊಂದು ವರ್ಷದ ಹಿಂದೊಮ್ಮೆ ತನ್ನಿಂದಾಗಿ ಒಂದು ಇಡೀ ಪಡೆ ಗುಂಡು ಹಾರಿಸುವುದನ್ನು ನಿಲ್ಲಿಸಿತ್ತು ಎಂದು ಎದೆಯುಬ್ಬಿಸುತ್ತಾರೆ. ಸುಳ್ಳೇನಲ್ಲ.

ಆ ದಿನದ ಸಂಗತಿಯನ್ನು ಅಕ್ಕ ಮುಚ್ಚಿಡುವುದಿಲ್ಲ. ಗುರಿ ಸ್ಪರ್ಧೆಯ ಬೆಳಗು, ವಿಪರೀತ ಅವಸರ. ಆಗ ಎರಡು ಮೂರು ಬಂದೂಕುಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚುವುದು ವಾಡಿಕೆಯಾಗಿತ್ತು. ಒಂದು ಜಾತಿಯ ಬೋಲ್ಟುಗಳೆಲ್ಲ ನೋಡಲು ಅವಳಿಜವಳಿ. ಆದರೆ ಒಂದೊಂದೂ ತನ್ನ ನಳಿಗೆಯ ಜೊತೆಗೇ ಸವೆದು ಹೊಂದಿಕೊಂಡಿರುತ್ತದೆ; ಆ ಕಾರಣಕ್ಕೇ ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಜೋಡಿಸುವಾಗ ನಂಬರು ನೋಡಬೇಕು, ಕೊನೆಗೆ ಗೇಜ್ ಹಾಕಬೇಕು. ಅಂದು ಅಕ್ಕ ಎರಡನ್ನೂ ಮಾಡದೆ ಸಹಿ ಹಾಕಿ ಕಳಿಸಿಬಿಟ್ಟರು. ಆಮೇಲೆ ತಿನ್ನಲು ಕೂತು ಡಬ್ಬಿ ತೆಗೆದರೆ, ಚೀಲವೆಲ್ಲ ಎಣ್ಣೆ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಡಬ್ಬಿಗಳ ಮುಚ್ಚಳಗಳನ್ನು ಗಂಡ ಅದಲುಬದಲು ಮಾಡಿದ್ದರು. ಮುಚ್ಚಳ ಕೂತಿತ್ತು, ಬಿಗಿಯಾಗಿರಲಿಲ್ಲ.

“ಕೈಯಲ್ಲಿ ಮುಚ್ಚಳ ಹಿಡ್ಕೊಂಡು ಹಾಗೇ ಕೂತೆ” ಎನ್ನುತ್ತಾರೆ ಅಕ್ಕ. “ನಂಬರು ನೋಡಿದ್ನಾ ಅಂತ ನನ್ನನ್ನೇ ಕೇಳ್ಕೊಂಡೆ. ನೋಡಿದ ನೆನಪೇ ಇರ್ಲಿಲ್ಲ.”

ಉಗ್ರಾಣದವನ ಸೈಕಲ್ ಎತ್ತಿಕೊಂಡು, ಮೈದಾನದ ತನಕ ಒಂದೇ ಉಸಿರಿಗೆ ತುಳಿದು, ದೊಡ್ಡ ಅಧಿಕಾರಿಗಳ ಕುರ್ಚಿ ಸಾಲಿನ ಮುಂದೆ ಎರಡೂ ಕೈ ಎತ್ತಿ ನಿಂತರು. ಸ್ಪರ್ಧೆ ನಿಂತಿತು. ಎಲ್ಲ ಬಂದೂಕುಗಳನ್ನೂ ಅಲ್ಲೇ ಪರೀಕ್ಷಿಸಿದರು. ಎರಡರ ಬೋಲ್ಟು ಅದಲುಬದಲಾಗಿತ್ತು, ಅದರಲ್ಲಿ ಒಂದು ಉಹೂಂ ಗೇಜಿನ ಮೇಲೂ ಮುಚ್ಚಿಕೊಂಡಿತು. ಪುಣ್ಯಕ್ಕೆ ಅದನ್ನು ಹಾರಿಸುವ ಸರದಿ ಇನ್ನೂ ಬಂದಿರಲಿಲ್ಲ. ಅಕ್ಕನಿಗೆ ಛೀಮಾರಿಯ ಪತ್ರ ಬಂತು, ಬರಬೇಕಿದ್ದ ಬಡ್ತಿ ಹೋಯಿತು. ಪತ್ರದಲ್ಲಿ ತಪ್ಪಿಗೆ ಹನ್ನೆರಡು ಸಾಲು, ತಾನಾಗಿ ಬಂದು ಹೇಳಿದ್ದಕ್ಕೆ ಅರ್ಧ ಸಾಲು. ಮಾರನೆಯ ಬೆಳಗಿನಿಂದ ಒಂದು ಮೇಜು, ಒಂದು ಬಂದೂಕು.

ಗಡಿಯಾರದಲ್ಲಿ ಏಳು ಇಪ್ಪತ್ತೈದು. ಮೀಸೆ ಕೈ ಒರೆಸಿಕೊಂಡು ಏಳುತ್ತಾನೆ. ಅವನ ಇಪ್ಪತ್ತೂ ಮುಗಿದಿವೆ. ಅಕ್ಕನ ಕಡೆ ಇನ್ನೂ ಏಳು ಬಾಕಿ. ಎಲ್ಲರೂ ಅತ್ತಲೇ ನೋಡುತ್ತಾರೆ. ಅಕ್ಕನ ಕೈ ಚುರುಕಾಗುವುದೂ ಇಲ್ಲ, ತಡವರಿಸುವುದೂ ಇಲ್ಲ. ಎಂಟೂಕಾಲು ಆಗುವುದಕ್ಕೆ ಸ್ವಲ್ಪ ಮುಂಚೆ ಅವರ ಇಪ್ಪತ್ತನೆಯದು ಗೂಡಿಗೆ ಸೇರುತ್ತದೆ. ಎದ್ದು ನೇರವಾಗಿ ಸಾಲುಮೇಜಿಗೆ ಹೋಗಿ, ಅಲ್ಲಿಯ ಇಪ್ಪತ್ತರ ನಂಬರುಗಳನ್ನೂ ಒಂದೊಂದಾಗಿ ಓದುತ್ತಾರೆ. ಒಂದೂ ತಪ್ಪಿಲ್ಲ. ಮೀಸೆ ಪ್ರತಿ ಬಂದೂಕಿಗೂ ಬೇರೆ ತಟ್ಟೆ ಇಟ್ಟು, ತಟ್ಟೆಗೂ ನಂಬರು ಅಂಟಿಸಿದ್ದಾನೆ.

“ಈ ತಟ್ಟೆ ಉಪಾಯ ಚೆನ್ನಾಗಿದೆ ಕಣೋ” ಎನ್ನುತ್ತಾರೆ ಎಲ್ಲರಿಗೂ ಕೇಳುವ ಹಾಗೆ. “ಹನ್ನೊಂದು ವರ್ಷದಿಂದ ನನಗೆ ಹೊಳೀಲಿಲ್ಲ ನೋಡು.”

ಅಧಿಕಾರಿಯ ಮುಖದಲ್ಲಿ ಗೆಲುವಿದೆ. ಹಾಗಾದರೆ ಸಹಿ ಹಾಕಿಬಿಡಿ ಎಂದು ವಿನಯದಿಂದಲೇ ಪುಸ್ತಕ ಮುಂದಿಡುತ್ತಾರೆ. ಅಕ್ಕ ಅದನ್ನು ಮುಟ್ಟದೆ, ಈ ಇಪ್ಪತ್ತಕ್ಕೂ ಗೇಜ್ ಹಾಕಿದೆಯೇ ಎಂದು ಕೇಳುತ್ತಾರೆ. ಮೂರು ತಿಂಗಳ ಹಿಂದೆ ಹಾಕಿದ್ದೇವೆ, ಅದೇ ನಳಿಗೆ, ಅದೇ ಬೋಲ್ಟು, ನಂಬರೂ ಕೂಡಿದೆ, ಇನ್ನೇಕೆ ಎಂಬುದು ಮೀಸೆಯ ಉತ್ತರ. ಹೊರಗೆ ಲಾರಿಯ ಹಾರ್ನ್ ಕೇಳಿಸುತ್ತದೆ.

“ಉಹೂಂ” ಎನ್ನುತ್ತಾರೆ ಅಕ್ಕ.

ಅವರು ಶುರುಮಾಡುತ್ತಾರೆ. ಎರಡು ಬೆರಳು, ಒಂದೊಂದಕ್ಕೆ ಒಂದು ನಿಮಿಷ. ಲಾರಿಯ ಚಾಲಕ ಮತ್ತೆರಡು ಸಲ ಹಾರ್ನ್ ಒತ್ತಿ, ಕೊನೆಗೆ ತಾನೇ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅಧಿಕಾರಿ ಕೈಗಡಿಯಾರ ನೋಡುತ್ತಾರೆ. ಹನ್ನೆರಡು ಬಂದೂಕುಗಳಲ್ಲಿ ಬೋಲ್ಟ್ ಉಹೂಂ ಗೇಜಿನ ಮುಂದೆ ಮರ್ಯಾದೆಯಿಂದ ನಿಲ್ಲುತ್ತದೆ. ಹದಿಮೂರನೆಯದರಲ್ಲಿ ನಿಲ್ಲುವುದಿಲ್ಲ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಂದೆ ಹೋಗಿ ಮುಚ್ಚಿಕೊಳ್ಳುತ್ತದೆ. ಅಕ್ಕ ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ ಹಾಕಿ, ಮೀಸೆಯ ಕೈಗೆ ಕೊಡುತ್ತಾರೆ. ಅವನೂ ಎರಡೇ ಬೆರಳಲ್ಲಿ ತಳ್ಳುತ್ತಾನೆ. ಮುಚ್ಚಿಕೊಳ್ಳುತ್ತದೆ.

ಇದು ಯಾರ ಕೈತಪ್ಪೂ ಅಲ್ಲ. ನಂಬರು ಕೂಡಿದೆ, ಜೋಡಿ ಅಸಲಿಯೇ. ಹೊಸಬರ ತಂಡಗಳೆಲ್ಲ ಅಭ್ಯಾಸಕ್ಕೆ ಇದನ್ನೇ ಎತ್ತಿಕೊಂಡು ಹಾರಿಸಿದ್ದರಿಂದ ಮೂರು ತಿಂಗಳಲ್ಲಿ ಜೋಡಿ ಸವೆದಿದೆ, ಅಷ್ಟೇ. ಮೀಸೆ ಗೇಜನ್ನು ಹೊರತೆಗೆದು ಅಕ್ಕನ ಕೈಗೆ ಕೊಡುತ್ತಾನೆ.

“ಅಕ್ಕ, ಇವತ್ತು ನಿಮ್ ಉಹೂಂ ಬಾಯ್ಬಿಟ್ಟು ಹೂಂ ಅಂದುಬಿಡ್ತು” ಎಂದು ಅವನು ನಗಲು ನೋಡುತ್ತಾನೆ. ನಗು ಅರ್ಧಕ್ಕೇ ನಿಲ್ಲುತ್ತದೆ. ಅಕ್ಕ ಅವನ ಬೆನ್ನಿಗೊಂದು ಮೆಲುಪೆಟ್ಟು ಕೊಟ್ಟು, ಬಂದೂಕಿಗೆ ಕೆಂಪು ಚೀಟಿ ಕಟ್ಟುತ್ತಾರೆ. ಉಳಿದ ಏಳನ್ನೂ ನೋಡಿ ಮುಗಿಸಿ, ಮೂವತ್ತೊಂಬತ್ತಕ್ಕೆ ಸಹಿ ಹಾಕುತ್ತಾರೆ. ಲಾರಿ ಹತ್ತು ನಿಮಿಷ ತಡವಾಗಿ ಹೊರಡುತ್ತದೆ. ಮೈದಾನದಲ್ಲಿ ಯಾರೋ ಒಬ್ಬ ಹುಡುಗ ತನ್ನ ಸರದಿಗೆ ಕಾಯುತ್ತಾ, ಬಂದೂಕೊಂದು ಕಡಿಮೆ ಕಳಿಸಿದವರನ್ನು ಬೈದುಕೊಳ್ಳಬಹುದು. ಬೈಯಲಿ ಬಿಡಿ ಎನ್ನುತ್ತಾರೆ ಅಕ್ಕ, ಬೈಯೋಕೆ ಬಾಯಿ ನೆಟ್ಟಗಿದ್ರೆ ಸಾಕು.

ಅಧಿಕಾರಿ ತಡ ಮಾಡುವುದಿಲ್ಲ. ತಾವೇ ಸ್ಟೂಲು ಎಳೆದುಕೊಂಡು ಹಸಿರು ಕಂಬಳಿಯ ಮುಂದೆ ಕೂರುತ್ತಾರೆ. ಬಿಚ್ಚಿ ತೊಳೆಯುವುದಕ್ಕೆ ಮೀಸೆಯ ತಟ್ಟೆಗಳು. ಜೋಡಿಸಿ ಗೇಜ್ ಹಾಕುವುದಕ್ಕೆ ಅಕ್ಕನ ಒಂದು ಮೇಜು, ಒಂದು ಬಂದೂಕು. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ, ಗೋಡೆಯ ನಿಯಮದ ಹಲಗೆಗೆ ಇವತ್ತೇ ಹಾಕಿಸುತ್ತೇನೆ ಎನ್ನುತ್ತಾರೆ. ಅಕ್ಕ ಹೇಳಿ ಬರೆಸುತ್ತಾರೆ. ನಿಯಮ ನಾಲ್ಕು ಸಾಲಿಗೆ ಮುಗಿಯುತ್ತದೆ. ಅದರ ಕೆಳಗೆ ತನ್ನ ಹಳೆಯ ತಪ್ಪನ್ನೂ ಬರೆಯಿರಿ ಎಂದಾಗ ಅಧಿಕಾರಿಯ ಪೆನ್ನು ನಿಲ್ಲುತ್ತದೆ.

“ಅಮ್ಮ, ನಾಲ್ಕು ತಿಂಗಳಿಗೆ ಗೌರವವಾಗಿ ಮನೆಗೆ ಹೋಗೋರು ನೀವು. ಅದ್ಯಾಕೆ ಈಗ?”

“ಬರೀ ನಿಯಮ ಹಾಕಿದ್ರೆ, ಅವಸರದ ದಿನ ಯಾರೋ ಒಬ್ರು ದಾಟೇ ದಾಟ್ತಾರೆ ಸರ್. ಇಪ್ಪತ್ತು ವರ್ಷ ಪಳಗಿದ ಕೈಯೇ ದಾಟಿತ್ತು ಅಂತ ಗೊತ್ತಿದ್ರೆ ಸ್ವಲ್ಪ ಹೆದರ್ತಾರೆ. ನನ್ನ ಹೆಸರು ಬೇಡ. ತಪ್ಪು ಇರ್ಲಿ.”

ನಿವೃತ್ತಿಯ ಹೊತ್ತಿಗೆ ಕಾರ್ಯಾಗಾರದಿಂದ ಅವರು ಕೇಳಿಕೊಂಡಿರುವುದು ಇದೊಂದೇ. ಅಧಿಕಾರಿ ತುಸು ಯೋಚಿಸಿ ಒಂದು ವಾಕ್ಯ ಬರೆದು, ಕಾಗದ ತಿರುಗಿಸಿ ತೋರಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಅನುಭವಿ ಕೆಲಸಗಾರರೊಬ್ಬರ ಕಣ್ತಪ್ಪಿನಿಂದ ಎರಡು ಬೋಲ್ಟುಗಳು ಅದಲುಬದಲಾಗಿದ್ದವು ಎಂದಿದೆ. ಅಕ್ಕ ಕನ್ನಡಕ ಏರಿಸಿ, ಬಿರುಕು ಬಿಟ್ಟ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಓದುತ್ತಾರೆ. ನಡುವೆ ಬೆರಳು ನಿಲ್ಲುತ್ತದೆ.

“ಕಣ್ತಪ್ಪು ಅಂತ ಬೇಡ ಸರ್. ಕಣ್ಣು ತಪ್ಪಿರ್ಲಿಲ್ಲ, ನಾನು ನೋಡೇ ಇರ್ಲಿಲ್ಲ. ನೋಡಲಿಲ್ಲ ಅಂತ್ಲೇ ಬರೀರಿ.”