ಮೂರು ಸೂತಿನ ಹಿತ್ತಾಳೆ

ಶುರು ಮಾಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ, ನಿಲ್ಲಿಸುವುದೇ ಬಾರದು. ಕಾನ್ವೆಂಟಿನಲ್ಲಿ ಪ್ರತಿ ಟರ್ಮಿಗೂ ಸಿಸ್ಟರ್ ನನ್ನ ರಿಪೋರ್ಟ್ ಕಾರ್ಡಿನ ಮೇಲೆ ಒಂದೇ ರಿಮಾರ್ಕ್ ಬರೆಯುತ್ತಿದ್ದರು: 'ಟಾಕೇಟಿವ್'. ಎಪ್ಪತ್ತೆಂಟಕ್ಕೆ ಬಂದರೂ ಅದನ್ನು ಸುಳ್ಳು ಮಾಡುವುದು ನನ್ನಿಂದಾಗಿಲ್ಲ. ಹೀಗಾಗಿ ನಮ್ಮ ಹಳೇ ಕಾರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಲ್ಲದೆ, ಎದುರುಮನೆಯ ತುಳಸಿಕಟ್ಟೆಯನ್ನು ಮೆಲ್ಲಗೆ ಮುಟ್ಟಿ ನಿಂತಾಗ ನನಗೆ ಸಿಟ್ಟು ಬರಲಿಲ್ಲ. ಇದು ನನ್ನ ಪೈಕಿಯೇ ಅನಿಸಿತು.

ಅದು ನಮ್ಮವರ ಕಾರು. ನಮ್ಮವರು ಅಂದರೆ ನನ್ನ ಗಂಡ. ಹೋಗಿ ಒಂಬತ್ತು ವರ್ಷವಾಯಿತು, ಹೆಸರು ಹಿಡಿದು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ವಿಜಯಪುರದ ಬಿಸಿಲಿನಲ್ಲಿ ಮುಪ್ಪಾದ ಗುಂಡಗಿನ ಕಾರು. ಅವರು ನನಗೆ ಡ್ರೈವಿಂಗ್ ಕಲಿಸಿದ್ದು ಅದರಲ್ಲೇ, ಗೋಳಗುಮ್ಮಟದ ಹಿಂದಿನ ಬಯಲಿನಲ್ಲಿ. 'ಬ್ರೇಕ್ ಒತ್ತು' ಅಂತ ಅವರು ಒಮ್ಮೆ ಕೂಗಿದರೆ ಗುಮ್ಮಟ ಏಳು ಸಲ ಕೂಗುತ್ತಿತ್ತು ಎಂದು ನಾನು ಹೇಳಿದರೆ ಮಗಳು ಸುಮಾ ನಂಬುವುದಿಲ್ಲ. ಅವಳು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು.

ತುಳಸಿಕಟ್ಟೆಯ ಸಂಗತಿಯಾದ ಮೇಲೆ ಸುಮಾ ತೀರ್ಪು ಕೊಟ್ಟಳು. “ಮಮ್ಮಿ, ನಿಂದರದ ಕಾರು ಮನ್ಯಾಗ ಬ್ಯಾಡ. ಮೂರು ವಾರದಾಗ ಬ್ರೇಕ್ ಹಿಡೀಲಿಲ್ಲಂದ್ರ ಧಾಬಾದವ್ರಿಗೆ ಕೊಟ್ಟಬಿಡೋಣು.”

ಧಾಬಾದವರು ಅಂದರೆ ಅಥಣಿ ರಸ್ತೆಯಲ್ಲಿ ಹೊಸದಾಗಿ ಧಾಬಾ ತೆರೆದ ಒಬ್ಬ ಉತ್ಸಾಹಿ. ಕಾರಿನ ಮೇಲೆ ಅವರ ಕಣ್ಣು ಮೊದಲಿನಿಂದಲೂ ಇತ್ತು. “ಮುಂದ ಒಂದು ಕಟ್ಟಿ ಕಟ್ಟಿಸಿ ಅದರ ಮ್ಯಾಲ ನಿಂದರಸ್ತೀನ್ರಿ ಆಯಿ. ಬಾನೆಟ್ಟಿನ್ಯಾಗ ಮಣ್ಣ ತುಂಬಿ ಚೆಂಡುಹೂವಿನ ಸಸಿ ಹಚ್ಚತೀನಿ. ಮಂದಿ ಸೆಲ್ಫಿ ತಕ್ಕೋತಾರ.” ನಮ್ಮವರು ಪ್ರತಿ ಭಾನುವಾರ ಬನಿಯನ್ನಿನಲ್ಲಿ ನಿಂತು ಒರೆಸುತ್ತಿದ್ದ ಎಂಜಿನ್ನಿನ ಜಾಗದಲ್ಲಿ ಚೆಂಡುಹೂವು!

ರೋಗ ಸಣ್ಣದೇ ಇತ್ತು. ತಿಕೋಟಾದ ಸಿದ್ರಾಮಪ್ಪ ಮಿಸ್ತ್ರಿ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಮಷಿನ್ನುಗಳ ಡಾಕ್ಟರು. ನಮ್ಮ ಕಾರಿಗೂ ಫ್ಯಾಮಿಲಿ ಡಾಕ್ಟರು. ಕಾರಿನ ಅಡಿಗೆ ಮಲಗಿ ಹೊರಬಂದಾಗ ಅವರ ಕೈಯಲ್ಲಿ ಹೆಬ್ಬೆರಳುದ್ದದ, ಮೂರು ಬಾಯಿಯ, ಕರ್ರಗಾದ ಹಿತ್ತಾಳೆ ತುಂಡಿತ್ತು. ಬ್ರೇಕಿನ ಎಣ್ಣೆ ಒಂದು ಬಾಯಿಂದ ಒಳಬಂದು ಉಳಿದೆರಡರಿಂದ ಎರಡು ಗಾಲಿಗೆ ಹೋಗಬೇಕಂತೆ. ಅದರ ಮೈಮೇಲೆ ಕೂದಲೆಳೆಯಂಥ ಬಿರುಕು.

“ಅವ್ವಾರ, ಇದರ ಹೊಟ್ಟಿ ಸೀಳೇತ್ರಿ. ಇಂಥಾದ್ದ ಇನ್ನೊಂದು ತರ್ರಿ, ಅರ್ಧಾ ತಾಸಿನ ಕೆಲಸ.”

ತರಿಸುವುದಾದರೆ ಇಂಗ್ಲೆಂಡಿನಿಂದ ಆರು ವಾರ, ಎಂದಿತು ಸುಮಾಳ ಫೋನು. ನನಗಿದ್ದದ್ದು ಮೂರೇ. ಕಾರಿನ ಮ್ಯಾನುಯಲ್ ಓದಿ, ಬಾಯಿಪಾಠ ಮಾಡಿ, ಗಾಂಧಿ ಚೌಕದ ಸ್ಪೇರ್ ಪಾರ್ಟಿನ ಅಂಗಡಿಯಲ್ಲಿ ನಿಂತು ಸಿಸ್ಟರ್ ಮೆಚ್ಚುವಂಥ ಉಚ್ಚಾರದಲ್ಲಿ ಹೇಳಿದೆ: 'ತ್ರೀ-ಏಟ್ಸ್, ಫೈನ್ ಥ್ರೆಡ್, ತ್ರೀ-ವೇ ಯೂನಿಯನ್, ಪ್ಲೀಸ್.' ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. “ನಿಮ್ಮ ಇಂಗ್ಲೀಷ್ ಭಾಳ ಚೊಲೊ ಐತ್ರಿ ಮೇಡಂ. ಸಾಮಾನ ಇಲ್ಲರಿ.”

ಕೊನೆಗೆ ಹೊಸ ಕಾರಿನದೊಂದು ಕೊಟ್ಟರು. ನೋಡಲು ಅವಳಿ-ಜವಳಿ. ನಮ್ಮ ಪೈಪಿನ ನಟ್ಟು ಅದರೊಳಗೆ ಸಲೀಸಾಗಿ ಹೋಯಿತು, ಆದರೆ ಹೋಗಿ ಕುಣಿಯತೊಡಗಿತು. ಸಿದ್ರಾಮಪ್ಪ ಮಿಸ್ತ್ರಿ ನಕ್ಕರು: “ಇದು ಎಂ.ಎಂ. ಮಾಲ್ರಿ. ನಿಮ್ದು ಮೂರ ಸೂತಿಂದು.” ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಒಂದು ಸೂತು. ನನ್ನ 'ತ್ರೀ-ಏಟ್ಸ್' ಎಂಬ ದೊರೆಸಾನಿ ಗ್ಯಾರೇಜುಗಳಲ್ಲಿ ಮೂರು ಸೂತು ಎಂಬ ಹೆಸರಿನಿಂದ ಎಷ್ಟೋ ಕಾಲದಿಂದ ಸಂಸಾರ ಮಾಡಿಕೊಂಡಿದ್ದಾಳೆ! ಸರಕಾರ ಮೀಟರಿಗೆ ಬಂತು, ಬಟ್ಟೆ ಅಂಗಡಿ ಮೀಟರಿಗೆ ಬಂತು. ಮಿಸ್ತ್ರಿಗಳೂ ನಾನೂ ಇಂಚಿನಲ್ಲೇ ಉಳಿದೆವು. ಸಿಸ್ಟರ್ ನನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದದ್ದು ಇಂಚಿನ ಸ್ಕೇಲಿನಿಂದಲೇ ಆದ್ದರಿಂದ ಅದು ನನ್ನ ಎಲುಬಿನೊಳಗಿದೆ.

ಬಬಲೇಶ್ವರದಲ್ಲೊಂದು ಟ್ರ್ಯಾಕ್ಟರ್ ಗ್ಯಾರೇಜಿದೆ, ಹಳೇ ಟ್ರ್ಯಾಕ್ಟರಿನ ಸಾಮಾನು ಸೂತಿನ ಲೆಕ್ಕದ್ದು ಎಂದು ಮಿಸ್ತ್ರಿ ಹೇಳಿದರು. ಬಸ್ಸು ಹಿಡಿದು ಹೋದೆ. ಅಲ್ಲಿಯ ಮಾಲೀಕರು ಗೋಣಿತಟ್ಟಿನ ಮೇಲೆ ಒಂದು ಡಬ್ಬಿ ಹಿತ್ತಾಳೆ ಸುರಿದರು. ಒಂದೊಂದನ್ನೂ ಎತ್ತಿ, ಬಾಯಿಗೆ ಕಿರುಬೆರಳ ತುದಿ ತೂರಿಸಿ ಥ್ರೆಡ್ಡು, ಅಂದರೆ ಒಳಗಿನ ತಿರುಪಿನ ಗೆರೆ, ಮುಟ್ಟಿ ನೋಡುತ್ತ ಕೂತೆ. “ಆಯಿ, ಬಳಿ ಅಂಗಡ್ಯಾಗ ಕುಂತಂಗ ಕುಂತೀರಲ್ರಿ,” ಎಂದು ಅವರು ಚಹಾ ತರಿಸಿದರು. ಸಂಜೆಗೆ ಒಂದು ಸಿಕ್ಕಿತು: ಎರಡು ಬಾಯಿ ಮೂರು ಸೂತು, ಮೂರನೆಯದು ನಾಲ್ಕು. ಮದುವೆಯ ಸಂಬಂಧಗಳೂ ಹೀಗೇ ತಪ್ಪುತ್ತಿದ್ದವು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ವಾಪಸು ಬಂದೆ. ಸುಮಾಳ ಗಡುವು ಮುಗಿಯುವ ಚೆಂಡುಹೂವಿನ ಭಾನುವಾರಕ್ಕೆ ಮೂರು ದಿನ ಉಳಿದಿತ್ತು.

ಮರುದಿನ ಶುಕ್ರವಾರ, ದೇವರು ತೊಳೆಯುವ ದಿನ. ನಮ್ಮ ದೇವರ ಜಗಲಿಯ ಮೇಲೆ ಅತ್ತೆಯವರು ಪೂಜಿಸುತ್ತಿದ್ದ ಪುಟ್ಟ ದತ್ತಾತ್ರೇಯನಿದ್ದಾನೆ. ಮೂರು ಮುಖ, ಗಂಧ ಮೆತ್ತಿ ಮೆತ್ತಿ ಕಣ್ಣು-ಮೂಗು ಮುಚ್ಚಿಹೋಗಿದ್ದವು. ನಲವತ್ತು ವರ್ಷದಿಂದ ನಾನೇ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದೇನೆ, ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತ. ಜನ ಅದನ್ನು ಭಕ್ತಿ ಎನ್ನುತ್ತಾರೆ, ನಿಜವಾಗಿ ಅವಸರ. ಆ ದಿನ ಒಂದು ಮುಖದ ಗಂಧದ ಹಕ್ಕಳೆ ಕಳಚಿಬಿತ್ತು. ಕಿರುಬೆರಳು ತಾನಾಗಿ ಒಳಗೆ ಹೋಯಿತು.

ಸಣ್ಣ ಥ್ರೆಡ್ಡು. ಮೂರು ಸೂತು.

ಸ್ತೋತ್ರ ಅರ್ಧಕ್ಕೆ ನಿಂತಿತು. ಜೀವಮಾನದಲ್ಲಿ ಮೊದಲ ಸಲ ನನ್ನ ಮಾತಿಗೆ ಬ್ರೇಕು ಬಿದ್ದದ್ದು ಹಾಗೆ.

ಆಮೇಲೆ ಎಲ್ಲ ನೆನಪಾಯಿತು. ನಲವತ್ತು ವರ್ಷದ ಹಿಂದೆ ಬಾಂಬೆಯಿಂದ ಕಾರಿನ ಸಾಮಾನಿನ ಒಂದು ಪಾರ್ಸೆಲ್ ಬಂದಿತ್ತು. ನಮ್ಮವರು ಟೂರಿಗೆ ಹೊರಟ ಗಡಿಬಿಡಿಯಲ್ಲಿ ಅದರೊಳಗಿನದನ್ನು ತಾಯಿಯ ಕೈಗಿಟ್ಟು, “ಅವ್ವಾ, ಇದು ಜೀವಾ ಕಾಯೂದು. ಜ್ವಾಕಿ ಇಡು,” ಎಂದದ್ದನ್ನು ನಾನೇ ಅಡುಗೆಮನೆಯಿಂದ ಕೇಳಿದ್ದೆ. ಜೀವ ಕಾಯುವುದನ್ನು ಅತ್ತೆ ಇನ್ನೆಲ್ಲಿ ಇಟ್ಟಾರು? ಮೂರು ಮುಖ ಎಣಿಸಿದರು, ದತ್ತ ಎಂದರು, ಹಾಲು ಹಾಕಿದರು. ನಮ್ಮವರು ಟೂರಿನಿಂದ ಬಂದು ಅದನ್ನು ನೋಡಿರಲೇಬೇಕು. ಆದರೂ ಸುಮ್ಮನೆ ಕೈಮುಗಿದು ಆಫೀಸಿಗೆ ಹೋಗುತ್ತಿದ್ದರು. ಮಂಗಳಾರತಿ ಹೊತ್ತಿನಲ್ಲಿ ಅವರ ಮೀಸೆಯಡಿ ಒಂದು ನಗು ಇರುತ್ತಿತ್ತು. ನಾನು ಅದನ್ನೂ ಭಕ್ತಿ ಎಂದುಕೊಂಡಿದ್ದೆ.

ಫೋನ್ ಮಾಡಿದೆ. ಸಿದ್ರಾಮಪ್ಪ ಮಿಸ್ತ್ರಿ ಗಾಡಿ ಹೊಡೆದುಕೊಂಡು ಬಂದರು. ಕೆಲಸ ಮುಗಿದ ಮೇಲೆ ಕೈ ತೊಳೆಯುವ ಮನುಷ್ಯ ಆ ದಿನ ಮೊದಲೇ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರು. ದತ್ತನನ್ನು ಎರಡೂ ಕೈಯಲ್ಲಿ ಹಿಡಿದು ಊದಿ, ತಿರುವಿ ನೋಡಿದರು.

“ಮಾಲ ಫಸ್ಟ್ ಕ್ಲಾಸ್ ಐತ್ರಿ. ಆದ್ರ ನಲವತ್ತ ವರ್ಷ ಹಾಲು-ತುಪ್ಪ ಉಂಡದ್ದಕ್ಕ ಬ್ರೇಕ್ ಆಯಿಲ್ ಕುಡಿಸೂದು ಹ್ಯಾಂಗ್ರಿ ಅವ್ವಾರ?”

ಆ ಗಂಟು ಬಿಡಿಸಿದವಳು ಫಿಸಿಕ್ಸಿನ ಸುಮಾ. “ಜೀವಾ ಕಾಯೂದು ಅಂತ ತಂದದ್ದು. ಇನ್ನಮ್ಯಾಲರ ಕಾಯ್ಲಿ ಬಿಡ್ರಿ ಕಾಕಾ.”

ಭಾನುವಾರ ನಾನೇ ಸ್ಟಿಯರಿಂಗ್ ಹಿಡಿದು ಅಥಣಿ ರಸ್ತೆಗೆ ಹೊರಟೆ. ಪಕ್ಕದಲ್ಲಿ ಸುಮಾ, ಬಾಗಿಲಿನ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು. ಧಾಬಾದ ಎದುರಿಗೇ ಒಂದು ಎಮ್ಮೆ ಅಡ್ಡ ಬಂತು. ಒತ್ತಿದೆ. ಕಾರು ನಿಂತಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ, ಅದೂ ನಿಂತಿತು. ಧಾಬಾದವರು ಖಾಲಿ ಕಟ್ಟೆಯ ಪಕ್ಕ ನಿಂತು ಎರಡನ್ನೂ ನೋಡಿದರು. ಕಟ್ಟೆ ಚೆನ್ನಾಗಿ ಕಟ್ಟಿಸಿದ್ದರು, ಪಾಪ.

ಜಗಲಿ ಬರಿದಾಗಿರಬಾರದೆಂದು ಆ ಬಿರುಕಿನ ಹಳೆಯ ತುಂಡನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಅಲ್ಲಿಟ್ಟಿದ್ದೇನೆ. ಅಷ್ಟು ವರ್ಷ ನಮ್ಮೆಲ್ಲರನ್ನೂ ನಿಜವಾಗಿ ಕಾಯ್ದದ್ದು ಅದೇ ಅಲ್ಲವೇ? ಶುಕ್ರವಾರ ಹಾಲು ಹಾಕಿದರೆ ಈಗಲೂ ಹೊಟ್ಟೆಯಿಂದ ಸೋರುತ್ತದೆ. ಸೋರಲಿ. ಕೆಲಸ ಬಿಟ್ಟ ಮೇಲೂ ಮನೆಯಲ್ಲಿ ಒಂದು ಜಾಗ, ಮೇಲೊಂದು ಹೂವು ಸಿಗುತ್ತದೆಯೆಂದರೆ, ಅಲ್ಲಲ್ಲಿ ಸೋರತೊಡಗಿರುವ ನನಗೂ ಎಷ್ಟೋ ಧೈರ್ಯ.